ಬಾಯಾರಲಿ ಬಿಡು

"ಅಜ್ಜಾರ, ಅಳದವರಿಗೆ ದುಃಖ ಇರತೈತೇನ್ರಿ?" ಎಂದು ಶಿಷ್ಯ ಅಡಿವೆಪ್ಪ ಗುರುಗಳನ್ನು ಕೇಳಿದ. ತಾಯಿ ತೀರಿಕೊಂಡಾಗ ಅವನ ಅಣ್ಣ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಮಣ್ಣು ಕೊಟ್ಟ ಮರುದಿನವೇ ಎತ್ತು ಹೂಡಿಕೊಂಡು ಹೊಲಕ್ಕೆ ಹೋಗಿದ್ದ. ಅಂದಿನಿಂದ ಅಡಿವೆಪ್ಪ ಅಣ್ಣನ ಜೊತೆ ಮಾತು ಬಿಟ್ಟು ಮಠ ಸೇರಿದ್ದ. ಇದು ಗುರುಗಳಿಗೆ ಗೊತ್ತಿತ್ತು.  ಅವರು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನಿಗೆ ಹೆಂಡತಿ, ಒಬ್ಬಳೇ ಮಗಳು. ಮಗಳಿಗೆ ವಾಂತಿಭೇದಿ ಹತ್ತಿತು. ಇಂಥ ಬೇನೆಯಲ್ಲಿ ನೀರು ಕೊಟ್ಟರೆ ಮಗು ಉಳಿಯುವುದಿಲ್ಲ ಎಂದು ಆ ಊರಿನ ಹಿರಿಯರು ನಂಬಿದ್ದರು. ಮಗು "ಅವ್ವಾ, ನೀರು" ಎಂದು ಬೇಡಿತು. ತಾಯಿ ಎದೆ ಕಲ್ಲು ಮಾಡಿಕೊಂಡು ಕೊಡಲಿಲ್ಲ. ಬೇಡುತ್ತಲೇ ಮಗು ಕಣ್ಣು ಮುಚ್ಚಿತು.

ಹೊಲದ ಮೂಲೆಯಲ್ಲಿ ಹೂಳಿದರು. ಬರಿಯ ಮಣ್ಣಿನ ಕೆಳಗೆ ಮಗಳು ಮಲಗಿದ್ದಾಳೆಂಬುದು ತಾಯಿಗೆ ತಾಳಲಾಗಲಿಲ್ಲ. ಮೇಲೆ ಹಸಿರು ಹೊದಿಸಬೇಕೆಂದಳು. ರೈತನಿಗೂ ಗರಿಕೆಗೂ ಹುಟ್ಟಾ ವೈರ. ಕಿತ್ತಷ್ಟೂ ಬರುವ ಆ ಹುಲ್ಲನ್ನು ಬೈಯುತ್ತಲೇ ಅವನು ಅರ್ಧ ಆಯುಷ್ಯ ಕಳೆದಿದ್ದ. ಆದರೂ ತಾನೇ ಗರಿಕೆಯ ಬಳ್ಳಿ ಕಿತ್ತು ತಂದ. ಗಿಣ್ಣು ಉಳಿಯುವಂತೆ ತುಂಡರಿಸಿ ಮಣ್ಣಿನ ಗುಡ್ಡೆಯ ಮೇಲೆ ಊರಿದ. ಅಂದೂ ಅವನ ಕಣ್ಣು ಒಣಗಿಯೇ ಇತ್ತು.

ಹುಲ್ಲು ಬೇರು ಹಿಡಿಯಿತು. ತಾಯಿ ಬೆಳಿಗ್ಗೆ ಸಂಜೆ ತಂಬಿಗೆಯಲ್ಲಿ ನೀರು ಒಯ್ದು ಚಿಮುಕಿಸುತ್ತಿದ್ದಳು. ಮಗಳಿಗೆ ಕೊಡದ ನೀರನ್ನು ಹುಲ್ಲಿಗಾದರೂ ಕೊಡುತ್ತಿದ್ದೇನೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಒಂದು ದಿನ ಹೋಗಿ ನೋಡಿದರೆ ಗಂಡ ಹುಲ್ಲಿನ ಮೇಲೆ ಕುಡುಗೋಲು ಆಡಿಸುತ್ತಿದ್ದ. ಮೇಲೆ ಸವರಿದರೆ ಅಡ್ಡಡ್ಡ ಹಬ್ಬಿ ದಟ್ಟವಾಗುತ್ತದೆಂದು ಅವನಿಗೆ ಗೊತ್ತಿತ್ತು. ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಅವಳ ಕೈಯ ತಂಬಿಗೆ ನೋಡಿ ಇಷ್ಟು ಮಾತ್ರ ಹೇಳಿದ:

"ದಿನಾ ಚಿಮುಕಿಸಬ್ಯಾಡ. ಒಮ್ಮೆ ಹೊಟ್ಟಿ ತುಂಬ ಹಾಕು. ಆಮ್ಯಾಲೆ ಬಾಯಾರಲಿ ಬಿಡು."

ಆ ಮಾತು ಅವಳ ಎದೆಗೆ ನಾಟಿತು. "ಬಾಯಾರಿ ಸತ್ತ ಕೂಸಿನ ಮುಂದ ನಿಂತು ಈ ಮಾತು ಆಡಾಕ ನಿಮಗ ನಾಲಿಗಿ ಹೆಂಗ ಹೊಳ್ಳಿತು?" ಎಂದಳು.  ಅವಳು ಅಂದೇ ತವರಿಗೆ ಹೋದಳು. ಕರೆಯಲು ಅವನು ಬರಲಿಲ್ಲ. ಬಂದು ಏನು ಹೇಳಬೇಕೆಂದು ಅವನಿಗೆ ತಿಳಿಯಲಿಲ್ಲ. ಅವಳೂ ತಿರುಗಿ ನೋಡಲಿಲ್ಲ. ಎದೆ ಒಣಗಿದ ಗಂಡಸು ಎಂದು ತವರಿನಲ್ಲಿ ಎಲ್ಲರ ಮುಂದೆ ಹೇಳಿಕೊಂಡು ಅತ್ತಳು. ಹೀಗೇ ವರ್ಷಗಳು ಉರುಳಿದವು.

ಒಂದು ಬೇಸಿಗೆಯಲ್ಲಿ ಗಂಡ ತೀರಿಕೊಂಡನೆಂದು ಸುದ್ದಿ ಬಂತು. ಅವಳು ಹೋದಳು. ಮಗಳ ಮೇಲಿನ ಹುಲ್ಲು ಕಡ್ಡಿಯಾಗಿ ಒಣಗಿತ್ತು. ಕೊನೆಗೂ ಬಾಯಾರಿಸಿಯೇ ಕೊಂದನಲ್ಲ ಎಂದು ಅವಳಿಗೆ ಕಡುಕೋಪ ಬಂತು. ಸತ್ತವನ ಮೇಲೆ ಬಂದ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದು? 

ಮಗಳ ಪಕ್ಕದಲ್ಲೇ ಅವನಿಗೆ ಕುಣಿ ತೋಡುತ್ತಿದ್ದರು. ಅವಳು ಅಂಚಿಗೆ ಬಂದು ಬಗ್ಗಿದಳು. ಮಗಳ ಕಡೆಯ ಮಣ್ಣಿನ ಗೋಡೆಯಲ್ಲಿ ಗರಿಕೆಯ ಬೇರು ಕಾಣಿಸಿತು. ಚಿಮುಕಿಸಿದ ನೀರಿಗೆ ಮೇಲೇ ನಿಂತುಬಿಡುವ ಬೇರು, ಬಾಯಾರಿ, ನೀರು ಹುಡುಕಿಕೊಂಡು ಸೊಂಟದಾಳಕ್ಕೆ ಇಳಿದಿತ್ತು. ಬೆಳ್ಳಗೆ, ಹಸಿಯಾಗಿತ್ತು. ಹುಲ್ಲು ಸತ್ತಿರಲಿಲ್ಲ. ಒಳಗೆ ಜೀವ ಹಿಡಿದುಕೊಂಡು ಮಳೆಗೆ ಕಾದಿತ್ತು.

ಕುಣಿಯೊಳಗಿದ್ದವನು ಗುದ್ದಲಿ ನಿಲ್ಲಿಸಿ ಹೇಳಿದ: "ಹಾಸಿಗಿ ಹಿಡಿಯೋತನಕ ವಾರಕ್ಕೊಮ್ಮಿ ಕೊಡ ಹೊತಗೊಂಡು ಬರತಿದ್ದನವ್ವಾ. ಸುರುವಿ, ನೀರು ಇಂಗೋತನಕ ಮಗಳ ಹತ್ರ ಕುಂತಿರತಿದ್ದ. ಯಾರು ಮಾತಾಡಿಸಿದರೂ ಮಾತಾಡತಿರಲಿಲ್ಲ."

 ಇಷ್ಟು ವರ್ಷ ಮಗಳಿಗಾಗಿ ಅತ್ತವಳು ಅಂದು ಮೊದಲ ಸಲ ಗಂಡನಿಗಾಗಿ ಅತ್ತಳು. ತನ್ನಷ್ಟೇ ಅವನೂ ಬೆಂದಿದ್ದ, ಒಬ್ಬನೇ ಬೆಂದಿದ್ದ ಎಂದು ಅವಳಿಗೆ ತಿಳಿಯಿತು. ಮಳೆಗಾಲಕ್ಕೆ ಹುಲ್ಲು ಚಿಗುರಿತು. ಅವನಿಗೆ ಹೇಳಬೇಕಾದ ಮಾತು ಅವಳ ಬಾಯಲ್ಲೇ ಉಳಿಯಿತು.

ಗುರುಗಳು ಕತೆ ಮುಗಿಸಿದರು. ಅಡಿವೆಪ್ಪ ಕಣ್ಣು ಒರೆಸಿಕೊಂಡು, "ಪಾಪ, ಆಕಿ ಮೊದಲ ತಿಳಕೋಬೇಕಿತ್ರಿ" ಎಂದ.

ಗುರುಗಳು ಅವನನ್ನು ನೋಡಿ ಕೇಳಿದರು:

"ನೀನೂ ನಿಮ್ಮಣ್ಣಗ ಕುಣಿ ತೋಡೋತನಕ ಕಾಯ್ತಿಯೇನಪಾ?"