ಬಾಳೆ ಎಲೆಯಲ್ಲಿ ಸುತ್ತಿದ ನೆಟ್ಟು

ಇದ್ದಳಂತೆ ಪಾಂಡವಪುರದಲ್ಲಿ ಸಾಕಮ್ಮ ಅಂತ ಒಬ್ಬಳು ಹೂವಿನವಳು, ಅವಳಿಗಿದ್ದನಂತೆ ಜವರ ಅಂತ ಒಬ್ಬ ಮಗ. ಮಗ ಅಂದರೆ ಮೀಸೆ ಬಂದು ಎಷ್ಟೋ ಕಾಲವಾಗಿದ್ದ ಮಗ, ಎಮ್ಮೆಗರುವನ್ನು ಹೆಗಲ ಮೇಲೆ ಹೊತ್ತು ತರಬಲ್ಲ ಮಗ. ಮಕ್ಕಳು ಮಾತು ಕೇಳುವುದಿಲ್ಲ ಅನ್ನುವುದು ಎಲ್ಲ ಮನೆಯ ಗೋಳು. ಸಾಕಮ್ಮನ ಗೋಳೇ ಬೇರೆ. ಅವಳ ಮಗ ಮಾತು ಕೇಳುತ್ತಿದ್ದ. ಪೂರ್ತಿ ಕೇಳುತ್ತಿದ್ದ. ಒಂದಕ್ಷರ ಬಿಡದೆ ಕೇಳುತ್ತಿದ್ದ. ‘ಬಾಗಿಲು ನೋಡ್ಕೊಂಡಿರು’ ಅಂತ ಹೇಳಿಹೋದರೆ ಅವಳು ಬರುವ ತನಕ ಬಾಗಿಲನ್ನೇ ನೋಡುತ್ತ ಕೂತಿರುತ್ತಿದ್ದ. ಬೆಕ್ಕು ಅವನ ಬೆನ್ನ ಹಿಂದೆಯೇ ಬಂದು ಹಾಲು ಕುಡಿದು ಮೀಸೆ ಒರೆಸಿಕೊಂಡು ಹೋಗಿರುತ್ತಿತ್ತು.

ಈ ಜವರನಿಗೊಬ್ಬಳು ಅಕ್ಕ, ಚೆಲುವಿ. ಗಂಡ ಮರಗೆಲಸದವನು, ಸಮುದ್ರದ ನಡುವೆ ಸೇಶೆಲ್ಸ್ ಅನ್ನುವ ದ್ವೀಪದಲ್ಲಿ ದುಡಿಮೆ, ಇವಳೂ ಅಲ್ಲೇ. ಅಲ್ಲೇ ಹೆಣ್ಣುಮಗು ಹುಟ್ಟಿತು. ಬರುವ ಶುಕ್ರವಾರ ತೊಟ್ಟಿಲಿಗೆ ಹಾಕುತ್ತಾರೆ, ಹೆಸರಿಡುತ್ತಾರೆ. ಸಾಕಮ್ಮನಿಗೆ ಇದ್ದದ್ದು ಒಂದೇ ಆಸೆ: ಆ ಹೊತ್ತಿಗೆ ಮೊಮ್ಮಗಳ ಮುಖ ನೋಡಬೇಕು, ಒಂದು ಜೋಗುಳ ಹೇಳಬೇಕು. ಆದರೆ ಇವಳ ಫೋನಿನಲ್ಲಿ ಮಗುವಿನ ಹಣೆ ಕಂಡರೆ ಮೂಗು ಬರುವ ಮುಂಚೆ ಚಿತ್ರ ನಿಂತುಹೋಗುತ್ತಿತ್ತು. ಅತ್ತ ಚೆಲುವಿಗೂ ತಾಪತ್ರಯ. ಅಲ್ಲಿ ಫೋನಿನ ನೆಟ್ಟು ವಿಪರೀತ ತುಟ್ಟಿ, ಮನೆಗೆ ಹಾಕಿಸೋಣವೆಂದರೂ ಕೈಗೆಟುಕದು. ನಾಲ್ಕು ಮಾತಾಡುವಷ್ಟರಲ್ಲಿ ಇಡುತ್ತೀನವ್ವಾ ಅನ್ನುತ್ತಿದ್ದಳು.

ಸಾಕಮ್ಮ ಮಗನನ್ನು ಕರೆದಳು. ಹೋಗಪ್ಪ, ಕೇಬಲ್ ಮರಿಗೌಡನ ಅಂಗಡಿಗೆ ಹೋಗಿ, ಮನೆಗೆ ಹಾಕಿಸುವ ನೆಟ್ಟಿಗೆಷ್ಟು, ಫೋನಿಗೆ ಹಾಕಿಸುವುದಕ್ಕೆಷ್ಟು, ಕೇಳಿಕೊಂಡು ಬಾ ಅಂದಳು. ಊರಿಗೆಲ್ಲ ಟಿ.ವಿ. ತಂತಿ ಎಳೆದವನು ಮರಿಗೌಡ, ಈಗ ನೆಟ್ಟಿನ ತಂತಿಯನ್ನೂ ಎಳೆಯುತ್ತಿದ್ದ. ಜವರ ಹೋದ, ಕೇಳಿದ, ಬಂದ.

‘ಎಷ್ಟಂತ್ಲಾ?’

‘ಕೇಳ್ಕೊಂಡು ಬಾ ಅಂದೆ, ಕೇಳ್ಕೊಂಡು ಬಂದೆ ಕಣವ್ವ. ಜ್ಞಾಪಕ ಇಟ್ಕೊಂಡು ಬಾ ಅಂತ ನೀನು ಅನ್ನಲಿಲ್ಲವಲ್ಲ.’

ಸಾಕಮ್ಮ ಹಣೆ ಚಚ್ಚಿಕೊಂಡಳು. ನಿನ್ನ ತಲೆಗೆ ಏನಿಟ್ಟರೂ ನಿಲ್ಲದು, ಬಾಯಲ್ಲೇ ಇಟ್ಟುಕೊಂಡು ಬಾ, ದಾರಿಯುದ್ದ ಅದನ್ನೇ ಹೇಳುತ್ತಾ ಬಾ, ಬೇರೆ ಮಾತೇ ಆಡಬೇಡ ಅಂತ ಬೈದು ಕಳಿಸಿದಳು.

ಜವರ ಮತ್ತೆ ಹೋದ. ‘ಮನೆಗೆ ಐನೂರು, ಫೋನಿಗೆ ಮುನ್ನೂರು, ಮನೆಗೆ ಐನೂರು, ಫೋನಿಗೆ ಮುನ್ನೂರು’ ಅನ್ನುತ್ತಾ ಬಂದ. ಬಸ್‌ಸ್ಟ್ಯಾಂಡಿನ ಮುಂದೆ ಸಾಕಮ್ಮನ ಹೂವಿನ ಬುಟ್ಟಿ. ಅವಳು ಹೂವಿಗೆ ನೀರು ತರಲು ಹೋಗಿದ್ದಳು. ಮದುವೆ ಮನೆಯವರು ಕಾರು ನಿಲ್ಲಿಸಿ, ಮಲ್ಲಿಗೆ ಮೊಳಕ್ಕೆ ಎಷ್ಟಪ್ಪಾ ಅಂದರು.

‘ಮನೆಗೆ ಐನೂರು,’ ಅಂದ ಜವರ.

ಅವರು ಕಣ್ಣುಬಾಯಿ ಬಿಟ್ಟರು. ಫೋನಿಗೆ ಮುನ್ನೂರು ಅಂದಾಗ ಮದುಮಗನ ಅಪ್ಪ, ಈ ಊರಲ್ಲಿ ಹೂವಿಗೆ ಫೋನ್ ಮಾಡಿದರೂ ದುಡ್ಡಾ ಅಂತ ಕಾರು ಹತ್ತಿದ. ಇಡೀ ಬುಟ್ಟಿ ಖಾಲಿಯಾಗಬೇಕಾಗಿದ್ದ ವ್ಯಾಪಾರ ಧೂಳೆಬ್ಬಿಸಿಕೊಂಡು ಹೋಯಿತು.

ಕೊಡ ಕೆಳಗಿಟ್ಟು ಸಾಕಮ್ಮ ಬೈದಳು. ಸಾಲದ್ದಕ್ಕೆ ಒಂದೇ ಅಂಗಡಿಯಲ್ಲಿ ಕೇಳಿ ಬಂದಿದ್ದೀಯಲ್ಲೋ, ಬೆಲೆ ಅಂದರೆ ನಾಲ್ಕು ಕಡೆ ವಿಚಾರಿಸಬೇಕು ಕಣ್ಲಾ, ಎಲ್ಲಿ ಅಗ್ಗವೋ ಅಲ್ಲಿ ಹಾಕಿಸಬೇಕು ಅಂದಳು. ಆಮೇಲೆ ಹೂವಿನವಳಿಗೆ ತಕ್ಕ ಬುದ್ಧಿಯೊಂದನ್ನು ಸೇರಿಸಿದಳು: ‘ಅಳತೆ ಮುಗಿದ ಮೇಲೆ ಕೊಸರು ಕೇಳೋದ ಮರೀಬೇಡ.’ ಮೊಳ ಹಾಕಿದ ಮೇಲೆ ಮೇಲೊಂದು ಗೇಣು ಬಿಡುತ್ತಾಳಲ್ಲ ಹೂವಿನವಳು, ಆ ಕೊಸರು.

ಊರಿಗಿದ್ದವನು ಮರಿಗೌಡ ಒಬ್ಬನೇ. ನಾಲ್ಕು ಕಡೆ ಎಲ್ಲಿಂದ ತರಬೇಕು? ಜವರ ಅವನನ್ನೇ ಕೇಳಿದ: ಗೌಡ್ರೇ, ಇದು ಇನ್ನೆಲ್ಲೆಲ್ಲಿ ಸಿಗುತ್ತೆ? ಮರಿಗೌಡನಿಗೆ ಬಿಡುವಿತ್ತು, ತಮಾಷೆಯ ಮನುಷ್ಯ ಬೇರೆ. ಪ್ರಪಂಚದಲ್ಲೆಲ್ಲ ಸಿಗುತ್ತೆ ಕೂತ್ಕೊ ಅಂತ ಸ್ಟೂಲು ಎಳೆದು, ಫೋನಿನಲ್ಲಿ ದೇಶದೇಶದ ಬೆಲೆ ತೆಗೆದ. ಸ್ವಿಟ್ಜರ್ಲೆಂಡಿನಲ್ಲಿ ಮನೆಗೆ ಹಾಕಿಸಿದರೆ ಇಲ್ಲಿನ ಎಷ್ಟೋ ಪಟ್ಟು. ರುಮೇನಿಯಾ ಅಂತ ಒಂದಿದೆ, ಅಲ್ಲಿ ಮನೆಯದು ಅಗ್ಗ. ಇಟಲಿಯಲ್ಲಿ ಫೋನಿನದು ಅಗ್ಗ, ಕೆನಡಾದಲ್ಲಿ ಅದೇ ಫೋನಿನದು ತುಟ್ಟಿ. ಜವರ ಎಲ್ಲಕ್ಕೂ ತಲೆಯಾಡಿಸಿ, ಪ್ರತಿ ದೇಶಕ್ಕೂ ಒಂದೇ ಪ್ರಶ್ನೆ ಹಾಕಿದ: ‘ಕೊಸರು ಕೊಡ್ತಾರಾ?’

‘ಯಾರೂ ಕೊಡಲ್ಲ ಕಣಪ್ಪ.’

‘ನೀವು?’

ಮರಿಗೌಡ ನಕ್ಕ. ಯಾತಕ್ಕೋ ಇಷ್ಟೆಲ್ಲ ಅಂತ ಕೇಳಿದ್ದಕ್ಕೆ, ಅವ್ವ ಮಗೂಗೆ ಜೋಗುಳ ಹೇಳಬೇಕಂತೆ, ಮಗು ಹಣೆವರೆಗೆ ಬಂದು ನಿಂತುಬಿಡುತ್ತಂತೆ ಅಂದ ಜವರ. ಗೌಡ ಆವತ್ತೇ ಏಣಿ ಹೊತ್ತು ಬಂದು ತಂತಿ ಎಳೆದು, ಗೂಡಿನಲ್ಲಿ ದೀಪ ಮಿಟುಕಿಸುವ ಡಬ್ಬಿ ಕೂರಿಸಿದ. ಮೊದಲ ತಿಂಗಳು ಕೊಸರು ಅಂದ.

ಸಾಕಮ್ಮ ಹಿಗ್ಗಿದಳು. ಮಗನಿಗೆ ಮುದ್ದೆ ಬಡಿಸುತ್ತಾ ಉತ್ಸಾಹದಲ್ಲಿ ವ್ಯಾಪಾರದ ಗುಟ್ಟೆಲ್ಲ ಹೇಳಿಕೊಟ್ಟಳು. ಅಗ್ಗ ಇರುವ ಕಡೆ ಕೊಂಡು ತುಟ್ಟಿ ಇರುವ ಕಡೆ ಕಳಿಸಬೇಕು ಕಣಪ್ಪ; ನಮ್ಮ ಹೂವು ಮೈಸೂರಿಗೆ ಹೋಗೋದು ಹಾಗೇ ತಾನೆ? ಒದ್ದೆ ಬಾಳೆ ಎಲೆಯಲ್ಲಿ ಸುತ್ತಬೇಕು, ನೀರು ಚಿಮುಕಿಸಬೇಕು, ಇಲ್ಲದಿದ್ದರೆ ದಾರಿಯಲ್ಲಿ ಬಾಡುತ್ತೆ.

ಹೇಳಬಾರದಿತ್ತು.

ಗುರುವಾರ ಬೆಳಿಗ್ಗೆ ಜವರ ಯೋಚಿಸಿದ. ನೆಟ್ಟು ಇಲ್ಲಿ ಅಗ್ಗ. ಅಕ್ಕನ ಊರಲ್ಲಿ ತುಟ್ಟಿ. ಪಾಪ, ಅಕ್ಕ. ಡಬ್ಬಿಯನ್ನು ತಂತಿಯಿಂದ ಬಿಡಿಸಿದ, ಒದ್ದೆ ಎಲೆಯಲ್ಲಿ ಸುತ್ತಿದ, ಬಾಳೆನಾರಲ್ಲಿ ಕಟ್ಟಿದ, ದೂರದ ದಾರಿಯಲ್ಲವೇ ಅಂತ ಒಂದು ಚೊಂಬು ನೀರು ಜಾಸ್ತಿಯೇ ಚಿಮುಕಿಸಿದ, ಹೂವಿನ ಬುಟ್ಟಿಯಲ್ಲಿಟ್ಟು ಮೈಸೂರು ಬಸ್ಸಿಗೆ ಕೊಟ್ಟ. ಯಾವ ಅಂಗಡಿಗೆ ಅಂತ ಕಂಡಕ್ಟರು ಕೇಳಿದರೆ, ಸೇಶೆಲ್ಸ್ ಅಂದ. ಯಾವುದೋ ಹೊಸ ಹೋಟೆಲು ಇರಬೇಕೆಂದು ಕಂಡಕ್ಟರು ತೆಗೆದುಕೊಂಡೂ ಹೋದ. ಮೈಸೂರೆಲ್ಲ ವಿಚಾರಿಸಿ ಸಿಕ್ಕದೆ, ಸಂಜೆಗೆ ಬುಟ್ಟಿ ವಾಪಸ್ಸು ತಂದು ಸಾಕಮ್ಮನ ಕೈಗಿಟ್ಟ. ಬುಟ್ಟಿ ತೊಟ್ಟಿಕ್ಕುತ್ತಿತ್ತು. ಮರಿಗೌಡ ಬಂದು ಡಬ್ಬಿ ಬಗ್ಗಿಸಿದ. ನೀರು ಬಿತ್ತು, ದೀಪ ಬರಲಿಲ್ಲ.

ಸಾಕಮ್ಮ ಈ ಸಲ ಬೈಯಲಿಲ್ಲ. ನಾಳೆ ಮಗೂನ ತೊಟ್ಟಿಲಿಗೆ ಹಾಕುತ್ತಾರೆ ಕಣೋ ಅಂತ ಸೆರಗು ಬಾಯಿಗಿಟ್ಟುಕೊಂಡಳು. ಅವ್ವ ಅತ್ತದ್ದು ನೋಡಿ ಜವರನೂ ಅತ್ತ. ಅವಳಿಗಿಂತ ಜೋರಾಗಿಯೇ ಅತ್ತ. ಅಕ್ಕಂಗೆ ಕಡಿಮೆ ಆಯ್ತದೆ ಅಂತ ಕಳಿಸಿದೆ ಕಣವ್ವ ಅಂದ. ಕಡೆಗೆ ಅವಳೇ ಅವನ ಕಣ್ಣೊರೆಸಿ ಹೇಳಿದಳು:

‘ಇನ್ನು ಇಂಥ ಸಾಮಾನು ಕೈಗೆ ಸಿಕ್ಕಿದರೆ ಎಲ್ಲಿಗೂ ಕಳಿಸಬೇಡ. ಎದೆಗವಚಿಕೊಂಡು ಕೂತ್ಕೊ. ಯಾರು ಕೇಳಿದರೂ ಕೊಡಬೇಡ. ನಾನು ಕೇಳಿದರೂ ಕೊಡಬೇಡ.’

ಬೆಳಗಾಯಿತು. ಮರಿಗೌಡ ತನ್ನ ಅಂಗಡಿಯ ಡಬ್ಬಿಯನ್ನೇ ಕಿತ್ತು ತಂದು ಕೂರಿಸಿದ. ಸಾಕಮ್ಮ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ಗೌಡ ಅವಳ ಫೋನಿನಲ್ಲೇ ಚೆಲುವಿಗೆ ಕರೆ ಹಚ್ಚಿ, ಹಿಡ್ಕೊಳ್ಳೋ ಅಂತ ಫೋನನ್ನು ಜವರನ ಕೈಗೆ ಕೊಟ್ಟ. ಮಗು ಕಂಡಿತು. ಹಣೆ, ಮೂಗು, ಬಾಯಿ, ಪೂರ್ತಿ ಕಂಡಿತು. ಹೊಸ ತೊಟ್ಟಿಲಿಗೆ ಹೆದರಿ ಕಿರುಚುತ್ತಿತ್ತು.

ಜವರ ಫೋನನ್ನು ಎದೆಗವಚಿಕೊಂಡು ಕೂತ.

ಸಾಕಮ್ಮ ಓಡಿ ಬಂದು ಕೊಡೋ ಅಂದಳು. ಕೊಡಲ್ಲ, ನೀನು ಕೇಳಿದರೂ ಕೊಡಬೇಡ ಅಂದಿದ್ದೀಯ ಅಂದ. ಮರಿಗೌಡ ಕಿತ್ತುಕೊಳ್ಳಹೋದ, ಎಮ್ಮೆಗರು ಹೊರುವ ತೋಳು, ಜಗ್ಗಲಿಲ್ಲ. ಅಷ್ಟರಲ್ಲಿ ಅವನ ಎದೆಯೊಳಗಿಂದ ಚೆಲುವಿಯ ದನಿ ಬಂತು.

‘ಅವ್ವಾ, ಇಲ್ಲೆಲ್ಲ ಕತ್ತಲೆ. ಏನೋ ದಬ್ ದಬ್ ಅಂತದೆ. ಅದೇನೋ ಹಾಗೇ ಇರಲಿ ಕಣವ್ವ, ಮಗು ಅಳೋದ ನಿಲ್ಲಿಸ್ತು.’

ಮರಿಗೌಡ ಕೈ ಹಿಂದಕ್ಕೆ ತೆಗೆದ. ಸಾಕಮ್ಮ ಮಗನ ಪಕ್ಕ ಕೂತಳು, ಅವನ ಬೆನ್ನು ಸವರಿದಳು. ‘ಕೊಡಬೇಡ ಕಣಪ್ಪ. ನೀನೇ ಇಟ್ಕೊ. ಒಂದು ಸಲ ತೋರಿಸು, ಅಷ್ಟೇ.’

ತೋರಿಸಬೇಡ ಅಂತ ಯಾರೂ ಹೇಳಿರಲಿಲ್ಲ. ಜವರ ತೋರಿಸಿದ. ಮೊಮ್ಮಗಳು ಮುಷ್ಟಿ ಬಿಗಿದುಕೊಂಡು ಕಣ್ಣು ಮುಚ್ಚುತ್ತಿದ್ದಳು. ಹೆಸರು ಸಂಪಿಗೆ ಅಂತ ಇಟ್ಟೆವು ಅಂದಳು ಚೆಲುವಿ. ಹೂವಿನವಳಿಗೆ ಇನ್ನೇನು ಬೇಕು? ಸಾಕಮ್ಮ ಜೋಗುಳ ಎತ್ತಿದಳು, ಕೊನೆಯ ತನಕ ಹೇಳಿದಳು. ಮುಗಿದ ಮೇಲೆ ಚೆಲುವಿ, ಇಲ್ಲಿ ನೆಟ್ಟು ತುಟ್ಟಿ ಕಣವ್ವ, ಇಡಲಾ ಅಂದಳು.

‘ಅಕ್ಕಾ,’ ಅಂದ ಜವರ, ‘ಅಳತೆ ಆಯ್ತು. ಕೊಸರು?’

ಚೆಲುವಿ ನಕ್ಕಳೋ ಅತ್ತಳೋ ತಿಳಿಯದು. ಇಡಲಿಲ್ಲ. ತುಟ್ಟಿ ಊರಿನ ತುಟ್ಟಿ ನೆಟ್ಟಿನಲ್ಲಿ, ಮಲಗಿದ ಮಗುವನ್ನು ಮೇಲೊಂದಿಷ್ಟು ಹೊತ್ತು ತೋರಿಸಿದಳು.

ಇನ್ನು ಬಿಡು ಅಂತ ಜವರನಿಗೆ ಹೇಳಲು ಮಾತ್ರ ಯಾರಿಗೂ ನೆನಪಾಗಲಿಲ್ಲ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿ ಪಕ್ಕ ಫೋನು ಅವಚಿಕೊಂಡೇ ಕೂತಿದ್ದ. ಕರೆ ಯಾವಾಗಲೋ ಮುಗಿದಿತ್ತು, ಚಾರ್ಜೂ ಮುಗಿದಿತ್ತು. ಮೈಸೂರು ಬಸ್ಸಿನ ಕಂಡಕ್ಟರು ಬಂದು, ಏನಪ್ಪಾ, ಇವತ್ತು ಸೇಶೆಲ್ಸಿಗೆ ಬುಟ್ಟಿ ಇಲ್ವಾ ಅಂತ ಗಟ್ಟಿಯಾಗಿ ನಕ್ಕ.

ಜವರ ತುಟಿಗೆ ಬೆರಳಿಟ್ಟ. ‘ಮೆತ್ತಗೆ ಮಾತಾಡಿ. ಮಗು ಮಲಗೈತೆ.’

ಸಾಕಮ್ಮ ಬೈಯಲು ಬಾಯಿ ತೆರೆದಳು. ಆಮೇಲೆ ಏನನ್ನಿಸಿತೋ, ಊರಿಗೆಲ್ಲ ಕೇಳುವ ಹಾಗೆ ಮಲ್ಲಿಗೆ ಕೂಗುತ್ತಿದ್ದವಳು, ಆವತ್ತೊಂದು ಸಂಜೆ ಪಿಸುಮಾತಿನಲ್ಲೇ ವ್ಯಾಪಾರ ಮಾಡಿದಳು.