ಬೆಟ್ಟ ಹತ್ತಿದ ಅತ್ತೆ

ಒಂದಾನೊಂದು ಕಾಲದಲ್ಲಿ, ನಾನೂ ಹುಟ್ಟಿರಲಿಲ್ಲ, ನಮ್ಮಜ್ಜಿನೂ ಹುಟ್ಟಿರಲಿಲ್ಲ, ಕಲ್ಲುಬೆಟ್ಟದ ಸೀಮೇಲಿ ಬೋರಯ್ಯ ಅನ್ನೋನು ಹೊಳೆದಂಡೆ ಊರಿನ ತುಂಗವ್ವನ್ನ ಮದುವೆಯಾಗಿ ಕರ್ಕೊಂಡು ಬಂದನಂತೆ. ಅವಳು ಸುತ್ತ ನೋಡಿ, ಇದೇನು ಊರೋ ಕಲ್ಲಿನ ರಾಶಿಯೋ, ಆಷಾಢಕ್ಕೆ ತವರಿಗೆ ಹೋದ್ರೆ ತಿರುಗಿ ಬರೋಳಲ್ಲ ನಾನು ಅಂದುಬಿಟ್ಟಳಂತೆ.

ಬೋರಯ್ಯ, ನಮ್ಮ ಸೀಮೆ ಚೆಂದ ತೋರಿಸಿದ್ರೆ ಉಳೀತಾಳೆ ಅಂತ, ಅವ್ವ ನುಂಕಮ್ಮನ ಕೈಲಿ ಬುತ್ತಿ ಕಟ್ಟಿಸ್ಕೊಂಡು ಮೊದಲನೇ ದಿನ ದೊಣೆಗೆ ಕರ್ಕೊಂಡು ಹೋದನಂತೆ. ಬಂಡೆ ನಡುವೆ ತಿಳಿನೀರು ಕಣೇ, ಬೇಸಿಗೇಲೂ ಬತ್ತಲ್ಲ, ಕರಡಿ ಮರಿ ಕಟ್ಕೊಂಡು ಬಂದು ಕುಡಿದು ಹೋಗ್ತದೆ. ತುಂಗವ್ವ, ನಮ್ಮ ಹೊಳೆ ಮುಂದೆ ಇದೊಂದು ಚೊಂಬು ಅಂದಳಂತೆ. ಆಮೇಲೆ ಎರಡನೇ ದಿನ ಗವಿ. ಯಾವ ಕಾಲದೋರೋ ಕೆಮ್ಮಣ್ಣಲ್ಲಿ ಬರೆದ ಗೂಳಿ, ಕೈಕೈ ಹಿಡಿದು ಕುಣಿಯೋ ಜನ, ನಿನ್ನೆ ಬಳಿದಂಗೈತೆ ಬಣ್ಣ. ಅವಳಿಗೆ ಒಳಗೊಳಗೇ ಹಿಡಿಸ್ತು, ಆದ್ರೂ ಬಿಗುಮಾನ ನೋಡು, ಇಂಥದ್ದು ನಮ್ಮೂರ ಹುಡುಗ್ರೂ ಬರೀತಾರೆ ಅಂದಳಂತೆ. ಹೂಂ ಅಂತಿದೀಯಾ, ನಿದ್ದೆ ಹೋದ್ಯಾ?

ಆಮೇಲೆ ಮೂರನೇ ದಿನ ದೊಡ್ಡ ಬೆಟ್ಟ ಹತ್ತಿದರಂತೆ. ಮುಂಗಾರು ಚೆನ್ನಾಗಾಗಿತ್ತು. ಮೇಲಿಂದ ನೋಡಿದ್ರೆ ಒಂದು ಕೆರೆ ಕೋಡಿ ಬಿದ್ದು ಇನ್ನೊಂದಕ್ಕೆ, ಅದು ತುಂಬಿ ಮತ್ತೊಂದಕ್ಕೆ, ಹಳಬರು ಕಟ್ಟಿದ ಕೆರೆಗಳು, ಕಣ್ಣು ಹಾಯೋವರೆಗೂ ಥಳಥಳ. ಹೊಳೆದಂಡೆ ಮಗಳು ಬಂಡೆ ತುದಿಗೇ ಹೋಗಿ ಒಂದೊಂದೇ ಕೆರೆ ಎಣಿಸಿದಳಂತೆ. ಆಮೇಲೆ, ಅತ್ತೆಮ್ಮಂಗೆ ಇದರಲ್ಲಿ ಯಾವ ಕೆರೆ ಇಷ್ಟ ಅಂತ ಕೇಳಿದಳಂತೆ. ಬೋರಯ್ಯ, ಅವ್ವ ಎಲ್ಲಿ ಹತ್ತವಳೆ, ಸೊಸೆಯಾಗಿ ಬಂದಾಗಿಂದ ಬೆಟ್ಟದ ಬುಡದಲ್ಲೇ ಅವಳೆ ಅಂದನಂತೆ. ತುಂಗವ್ವಂಗೆ ಸಿಟ್ಟು ನೆತ್ತಿಗೇರ್ತು. ಹೆತ್ತವ್ವಂಗೆ ತೋರಿಸದೇ ಇರೋನು ನಂಗ್ಯಾಕೆ ತೋರಿಸ್ತೀಯ ಅಂತ ಬೈದು ಸರಸರ ಇಳಿದಳಂತೆ.

ಅಷ್ಟೊತ್ತಿಗೆ ಆಷಾಢ ಹುಟ್ಟಿ, ತವರಿನ ಗಾಡಿ ಬಾಗಿಲಿಗೆ ಬಂದಿತ್ತು. ಅವಳು ಗಾಡಿ ಹತ್ತದೆ ಅತ್ತೆ ಕೈ ಹಿಡಿದು ಬೆಟ್ಟಕ್ಕೆ ನಡೀರಿ ಅಂದಳಂತೆ. ನುಂಕಮ್ಮ ಹೆದರಿ, ಬ್ಯಾಡ ಕಣವ್ವ, ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಅಂದಳಂತೆ. ಬೆಟ್ಟಕ್ಕೆಲ್ಲೈತೆ ಅತ್ತೆಮ್ಮ ಹೊಸಿಲು, ಅಂದಳಂತೆ ಸೊಸೆ.

ಮೇಲೆ ಹೋದ ಮೇಲೆ ಮುದುಕಿ ಕೆಳಗೆ ನೋಡಿ, ಆ ಹೊಗೆ ಏಳ್ತಿರೋದು ನಮ್ಮನೇನಾ, ಇಷ್ಟೇನಾ ಅದು, ಅಂತ ನಕ್ಕಳಂತೆ, ನಗ್ತಾ ನಗ್ತಾ ಅತ್ತಳಂತೆ. ತುಂಗವ್ವ ಸೆರಗಿಂದ ಅತ್ತೆ ಕಣ್ಣೊರೆಸಿ, ಇನ್ನೂ ಗವಿ ಐತೆ, ದೊಣೆ ಐತೆ ಅತ್ತೆಮ್ಮ, ಅಂಥಾವು ನಮ್ಮೂರಲ್ಲೂ ಇಲ್ಲ, ಶ್ರಾವಣಕ್ಕೆ ಬಂದು ನಾನೇ ತೋರಿಸ್ತೀನಿ ಅಂತ ಮಾತು ಕೊಟ್ಟು, ಕೆಳಗಿಳಿದು ತವರಿನ ಗಾಡಿ ಹತ್ತಿದಳಂತೆ.

ಶ್ರಾವಣ ಹುಟ್ಟಿದ ದಿನವೇ ಬಂದಳು ನೋಡು. ಬಾಗಿಲಲ್ಲಿ ಹಲ್ಲು ಕಿರಿದು ನಿಂತಿದ್ದ ಗಂಡನ್ನ ಒಲೆ ಮುಂದೆ ಕೂರಿಸಿ, ಅತ್ತೆ ಸೊಸೆ ಗವಿ ನೋಡೋಕೆ ಹೊರಟರಂತೆ. ಅವರು ಬೆಟ್ಟದ ಮೇಲೆ, ನಾವು ಚಾಪೆ ಮೇಲೆ, ಕತೆ ಮುಗೀತು.