ಬೆಲ್ಲ ಇಳಿಸಿ ಬಂದ ಕಾರು

“ಬುದ್ಧಿ, ನನ್ನನ್ನು ದಾಸೋಹದ ಕೆಲಸದಿಂದ ಬಿಡಿಸಿ, ಧ್ಯಾನದ ಕೋಣೆಯಲ್ಲೇ ಇರಲು ಅಪ್ಪಣೆ ಕೊಡುತ್ತೀರಾ?” ಎಂದು ಶಂಭುಲಿಂಗ ಗುರುಗಳನ್ನು ಕೇಳಿದ.

ಶಂಭುಲಿಂಗ ಮಠದ ಶಿಷ್ಯ. ಅಂದು ಮಧ್ಯಾಹ್ನ ಪಂಕ್ತಿಯಲ್ಲಿ ಒಬ್ಬ ಮುದುಕಿ ಮತ್ತೆ ಮತ್ತೆ ಸಾರು ಕೇಳಿದಳೆಂದು ಅವನು ಎಲ್ಲರೆದುರು ರೇಗಿದ್ದ. ಅವಳು ಅರ್ಧ ಉಂಡ ಎಲೆ ಬಿಟ್ಟು ಎದ್ದುಹೋಗಿದ್ದಳು. ಕೋಣೆಯಲ್ಲಿ ಒಬ್ಬನೇ ಕೂತಾಗ ತನ್ನಲ್ಲಿ ಸಿಟ್ಟಿನ ಸುಳಿವೂ ಇರುವುದಿಲ್ಲ, ಎಷ್ಟು ಹುಡುಕಿದರೂ ಸಿಗುವುದಿಲ್ಲ, ಈ ಜನರೇ ಅದನ್ನು ಎಲ್ಲಿಂದಲೋ ತಂದು ತನ್ನ ಮೈಗೆ ಅಂಟಿಸುತ್ತಾರೆ ಎಂದು ಅವನ ವಾದ. ಈ ವಾದವನ್ನು ಅವನು ಹಿಂದೆಯೂ ಹೂಡಿದ್ದ. ಗುರುಗಳಿಗೆ ಕೇಳಿ ಕೇಳಿ ಸಾಕಾಗಿತ್ತು.

“ಕೂತುಕೋ” ಎಂದರು. “ನಿನಗೆ ಹೇಳಿ ಹೇಳಿ ನನಗೆ ಬಾಯಿ ನೋವು ಬಂತು. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಒಬ್ಬ ಮೇಸ್ತ್ರಿ ಇದ್ದ. ಕಾರುಗಳ ದೀಪ, ಹಾರನ್ನು, ವೈರಿಂಗು ರಿಪೇರಿ ಮಾಡುವುದು ಅವನ ಕಸುಬು. ಕೈ ಚುರುಕು, ಕೋಪ ಮೂಗಿನ ತುದಿಯಲ್ಲೇ. ಅವನ ಶೆಡ್ಡಿಗೊಂದು ಕಟ್ಟಳೆ ಇತ್ತು. ಯಾರದೇ ಗಾಡಿಯಾಗಲಿ, ಸಾಮಾನು ಇಳಿಸಿ, ಜನ ಇಳಿದು, ಖಾಲಿಯಾಗಿಯೇ ಒಳಗೆ ಬರಬೇಕು. ಗಾಡಿಯಲ್ಲಿದ್ದದ್ದು ಕಳೆದುಹೋಯಿತು ಎಂದು ಯಾರೋ ಒಮ್ಮೆ ಇವನ ತಲೆಗೆ ಕಟ್ಟಲು ನೋಡಿದ್ದರು. ಅಂದಿನಿಂದ ಆ ಕಟ್ಟಳೆಯನ್ನು ಅವನು ಯಾರಿಗಾಗಿಯೂ ಸಡಿಲಿಸಿರಲಿಲ್ಲ.

ಅವನ ಬಳಿಗೆ ಒಬ್ಬ ಬೆಲ್ಲದ ವ್ಯಾಪಾರಿ ಬಂದ. ಬೆಳಕು ಹರಿಯುವ ಮೊದಲೇ ಕಾರಿಗೆ ಬೆಲ್ಲ ಹೇರಿಕೊಂಡು ಹೆಂಡತಿಯೊಂದಿಗೆ ಸಂತೆಗೆ ಹೊರಡುವವನು. ಮುಂದೆ ಅವನು, ಹಿಂದಿನ ಸೀಟಿನಲ್ಲಿ ಬೆಲ್ಲದ ಪೆಟ್ಟಿಗೆಗಳ ನಡುವೆ ಅವಳು. ಕಾರಿನ ಹಿಂದಿನ ಕೆಂಪು ದೀಪಗಳು ಸಂತೆಯ ದಾರಿಯಲ್ಲಿ ಉರಿಯುತ್ತಿರಲಿಲ್ಲ. ಕತ್ತಲಲ್ಲಿ ಲಾರಿಯೊಂದು ಇವರ ಕಾರನ್ನು ಕಾಣದೆ ಹಿಂದಿನಿಂದ ಮೈಮೇಲೆ ಬಂದೇಬಿಟ್ಟಿತ್ತು, ಕೂದಲೆಳೆಯಲ್ಲಿ ತಪ್ಪಿತು. ಇನ್ನೊಮ್ಮೆ ಹಾಗಾದರೆ ಮೊದಲು ಹೋಗುವುದು ಹಿಂದೆ ಕೂತವಳ ಜೀವ. ವ್ಯಾಪಾರಿ ಅದನ್ನು ಹೇಳಿ, ಹೇಗಾದರೂ ಮಾಡಿ ಸರಿಮಾಡಿಕೊಡು ಎಂದು ಕೈ ಮುಗಿದ.

ಅವನು ಶೆಡ್ಡಿನ ಕಟ್ಟಳೆ ಬಲ್ಲವನು. ಬೆಲ್ಲವನ್ನೆಲ್ಲ ಮನೆಯಲ್ಲಿ ಇಳಿಸಿ, ಹೆಂಡತಿಯನ್ನೂ ಬಿಟ್ಟು, ಸೀಟು ಒರೆಸಿ ಕಾರು ತಂದಿದ್ದ. ಮೇಸ್ತ್ರಿ ಸ್ವಿಚ್ಚು ಹಾಕಿದ. ದೀಪಗಳು ಹತ್ತಿದವು. ಇರಲಿ ಎಂದು ಬಲ್ಬು ಬದಲಿಸಿ ಕಳಿಸಿದ. ಮುಂದಿನ ಸಂತೆ ಮುಗಿಯಿತೋ ಇಲ್ಲವೋ, ವ್ಯಾಪಾರಿ ಮತ್ತೆ ಹಾಜರು. ಮತ್ತೆ ದೀಪಗಳು ಹತ್ತಿದವು. ಮೇಸ್ತ್ರಿ ಹೋಲ್ಡರು ಉಜ್ಜಿದ. ಆಮೇಲೆ ಸ್ವಿಚ್ಚನ್ನೇ ಹೊಸದು ಹಾಕಿದ, ಫ್ಯೂಸು ಬದಲಿಸಿದ. ಶೆಡ್ಡಿನಲ್ಲಿ ದೀವಳಿಗೆ, ದಾರಿಯಲ್ಲಿ ಅದೇ ಕತ್ತಲೆ. ವ್ಯಾಪಾರಿ ಬರುವುದು ನಿಲ್ಲಲಿಲ್ಲ.

ಬರಬರುತ್ತಾ ಮೇಸ್ತ್ರಿಗೆ ಆ ಕಾರು ಬೀದಿಯ ತಿರುವಿನಲ್ಲಿ ಕಂಡರೇ ಮೈ ಉರಿಯತೊಡಗಿತು. ಕಣ್ಣೆದುರು ಉರಿಯುವ ದೀಪವನ್ನು ತೋರಿಸಿ ಕೆಟ್ಟಿದೆ ಎಂದರೆ ಅವನಾದರೂ ಯಾವ ದೇವರಿಗೆ ಹರಕೆ ಹೊರಬೇಕು? ನಿನಗೆ ಕಣ್ಣು ಕಾಣುವುದಿಲ್ಲ ಎಂದ. ಕಾರು ಓಡಿಸುವುದೇ ಗೊತ್ತಿಲ್ಲ ಎಂದ. ನೀನು ಹೋಗುವ ದಾರಿಯೇ ಸರಿಯಿಲ್ಲ, ಹೊಂಡ ಹಾರಿಸಿ ಹಾರಿಸಿ ನನ್ನ ಕೆಲಸ ಕೆಡಿಸುತ್ತೀಯ ಎಂದ. ತನ್ನ ಶೆಡ್ಡಿನಲ್ಲಿ ಹತ್ತಿದ ದೀಪ ಹೊರಗೆ ಹೋಗಿ ಆರಿದರೆ ತಪ್ಪು ಹೊರಗಿನದೇ ಎಂದು ಅವನಿಗೆ ಖಾತ್ರಿಯಾಗಿಹೋಯಿತು.

ಇಲ್ಲಿ ಶಂಭುಲಿಂಗ ನಕ್ಕುಬಿಟ್ಟ. ನಗಬೇಡ, ಕೇಳು ಎಂದು ಗುರುಗಳು ಕತೆ ಮುಂದುವರಿಸಿದರು.

ಒಂದು ಬೆಳಗಿನ ಜಾವ ಮತ್ತೊಂದು ಲಾರಿ ಹಾಗೆಯೇ ಮೈಮೇಲೆ ಬಂತು. ವ್ಯಾಪಾರಿಯ ಹೆಂಡತಿಗೆ ಸಾಕೋ ಸಾಕಾಯಿತು. ಸಂತೆಯೂ ಬೇಡ, ಏನೂ ಬೇಡ ಎಂದು ಕಾರು ತಿರುಗಿಸಲು ಹೇಳಿ, ನೇರವಾಗಿ ಶೆಡ್ಡಿನ ಬಾಗಿಲಿಗೇ ತರಿಸಿ ನಿಲ್ಲಿಸಿದಳು. ಅಷ್ಟೊತ್ತಿಗೆ ಮೇಸ್ತ್ರಿ ಬಂದು ಬೀಗ ತೆಗೆಯುತ್ತಿದ್ದ. ನೋಡುತ್ತಾನೆ, ಕಾರಿನ ತುಂಬ ಬೆಲ್ಲ, ಬೆಲ್ಲದ ನಡುವೆ ಅವಳು. ಅವನಿಗೆ ಪಿತ್ತ ನೆತ್ತಿಗೇರಿತು.

“ಇಳಿಯಮ್ಮಾ. ಖಾಲಿ ಗಾಡಿ ತರಬೇಕು ಅಂತ ನಿಮಗೆ ಇನ್ನೆಷ್ಟು ಸಲ ಹೇಳಲಿ?”

“ಖಾಲಿ ಗಾಡೀಲಿ ನಾನು ಸಂತೆಗೆ ಹೋಗೋದಿಲ್ಲ ಕಣಪ್ಪ” ಎಂದಳು ಅವಳು. “ಹೀಗೇ ಹೋಗೋದು. ನೋಡೋದಾದರೆ ಹೀಗೇ ನೋಡು.”

ಮೇಸ್ತ್ರಿ ಹಲ್ಲು ಕಡಿದ. ಇವಳ ಬಾಯಿ ಒಂದೇ ಸಲಕ್ಕೆ ಮುಚ್ಚಿಸಿಬಿಡುತ್ತೇನೆ ಎಂದುಕೊಂಡು ಸ್ವಿಚ್ಚು ಹಾಕಿ, ಬಿರಬಿರನೆ ಕಾರಿನ ಹಿಂದಕ್ಕೆ ಬಂದ. ದೀಪಗಳು ಹತ್ತಿರಲಿಲ್ಲ. ಹೋಗಿ ಸ್ವಿಚ್ಚು ಆರಿಸಿ ಮತ್ತೆ ಹಾಕಿದ. ಇಲ್ಲ. ಈಗ ದನಿ ತಗ್ಗಿಸಿ ಅವಳನ್ನು ಕೇಳಿಕೊಂಡು ಕೆಳಗಿಳಿಸಿದ, ಪೆಟ್ಟಿಗೆಗಳನ್ನು ತಾನೇ ಇಳಿಸಿದ. ದೀಪಗಳು ಹತ್ತಿದವು. ಪೆಟ್ಟಿಗೆಗಳನ್ನು ಮತ್ತೆ ಹೇರಿ ಅವಳನ್ನು ಕೂರಿಸಿದ. ಆರಿದವು.

ಹಿಂದಿನ ಸೀಟು ಕಿತ್ತು ನೋಡಿದ. ಅದನ್ನು ಕೂರಿಸಿದವರು ಯಾರೋ, ದೀಪಕ್ಕೆ ಹೋಗುವ ತಂತಿಯ ಮೇಲೆಯೇ ಸೀಟಿನ ಕಬ್ಬಿಣದ ಕಾಲು ಇಟ್ಟು ಬಿಗಿದಿದ್ದರು. ತಂತಿಯ ಮೇಲಿನ ಹೊದಿಕೆ ನೋಡಲು ಇಡಿಯಾಗಿಯೇ ಇತ್ತು. ಒಳಗಿನ ಎಳೆಗಳು ಆಗಲೇ ತುಂಡಾಗಿದ್ದವು. ಸೀಟು ಖಾಲಿ ಇದ್ದಾಗ ತುಂಡಾದ ತುದಿಗಳು ಒಂದಕ್ಕೊಂದು ತಾಗಿಕೊಂಡಿರುತ್ತಿದ್ದವು, ಭಾರ ಬಿದ್ದರೆ ಸರಿದುಬಿಡುತ್ತಿದ್ದವು. ಮೇಸ್ತ್ರಿ ಆ ಭಾಗವನ್ನು ಕತ್ತರಿಸಿ ತೆಗೆದು, ಹೊಸ ತಂತಿ ಸೇರಿಸಿ, ಟೇಪು ಸುತ್ತಿ, ಸೀಟಿನ ಕಾಲಿಗೆ ಸಿಗದ ಹಾಗೆ ಪಕ್ಕದಿಂದ ಎಳೆದ. ಹೊತ್ತು ಹಿಡಿಯುವ ಕೆಲಸವೇನೂ ಆಗಿರಲಿಲ್ಲ.

ಆಮೇಲೆ ಬೆಲ್ಲ ಹೇರಿ, ಅವಳನ್ನು ಕೂರಿಸಿ, ಸ್ವಿಚ್ಚು ಹಾಕಿ ನೋಡಿದ. ದೀಪಗಳು ಉರಿಯುತ್ತಿದ್ದವು. ಇಷ್ಟು ದಿನ ಇವಳನ್ನು ಕತ್ತಲಲ್ಲಿ ಕಳಿಸಿದ್ದಲ್ಲದೆ, ಮೇಲಿಂದ ಇವಳ ಗಂಡನಿಗೆ ಬೈದೂ ಕಳಿಸಿದೆನಲ್ಲ ಎಂದುಕೊಂಡ. ತಪ್ಪಾಯಿತು ತಾಯಿ ಎಂದ. ಅವಳು ಸಂತೆಗೆ ಹೊತ್ತಾಯಿತು ಎಂದು ಗಂಡನನ್ನು ಹೊರಡಿಸಿದಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಂಭುಲಿಂಗನಿಗೆ ಕತೆ ಬಹಳ ಹಿಡಿಸಿತ್ತು.

“ಆ ಹೆಂಗಸು ಬಂದು ಕೂರದೆ ಹೋಗಿದ್ದರೆ ಅವನಿಗೆ ಆ ತಂತಿ ಈ ಜನ್ಮದಲ್ಲಿ ಸಿಗುತ್ತಿರಲಿಲ್ಲ, ಅಲ್ಲವೇ ಬುದ್ಧಿ?” ಎಂದ.

“ನಿನಗೂ ಒಬ್ಬಳು ಬಂದು ಕೂತಿದ್ದಳಲ್ಲೋ, ಅರ್ಧ ಊಟದಲ್ಲಿ ಎಬ್ಬಿಸಿ ಕಳಿಸಿದೆ” ಎಂದರು ಗುರುಗಳು.